ಬೇಸ್‌ಬಾಲ್: ಫೋರ್ಸ್ ಔಟ್ ಗುರುತಿಸುವುದು ಹೇಗೆ, ರನ್ ಲೆಕ್ಕ ಹಾಕುವುದು ಹೇಗೆ?

ತುಮಕೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ ಕ್ರಿಕೆಟ್ ಆಡಿ ಬೆಳೆದವರು ಬೇಸ್‌ಬಾಲ್ ನೋಡಲು ಕುಳಿತರೆ ಎರಡು ಕಡೆ ಗೊಂದಲಕ್ಕೆ ಬೀಳುತ್ತಾರೆ. ಫೀಲ್ಡರ್ ಒಮ್ಮೆ ಓಟಗಾರನನ್ನು ಮುಟ್ಟದೆ ಬೇಸ್ (ಓಟಗಾರ ತಲುಪಬೇಕಾದ ನಿಲ್ದಾಣ) ತುಳಿದಷ್ಟಕ್ಕೇ ಔಟ್ ಆಗುತ್ತದೆ, ಇನ್ನೊಮ್ಮೆ ಅಟ್ಟಿಸಿಕೊಂಡು ಹೋಗಿ ಚೆಂಡಿರುವ ಗ್ಲೌಸ್‌ನಿಂದ ಮುಟ್ಟಲೇಬೇಕಾಗುತ್ತದೆ. ಹಾಗೆಯೇ ಮೂರು ಬೇಸ್ ದಾಟಿ, ಬ್ಯಾಟ್ ಮಾಡುವ ಜಾಗವಾದ ಹೋಂ ಪ್ಲೇಟ್ ಮುಟ್ಟಿ ಬಂದವನ ರನ್ ಕೆಲವೊಮ್ಮೆ ಸೇರುವುದೇ ಇಲ್ಲ. ಓಟಗಾರ ಓಡಲೇಬೇಕಾಗಿತ್ತೇ ಅಥವಾ ತಾನಾಗಿ ಓಡಿದನೇ ಎಂದು ನೋಡಿಕೊಂಡರೆ ಈ ಎರಡೂ ಗೊಂದಲಗಳು ಬಹುಮಟ್ಟಿಗೆ ಬಗೆಹರಿಯುತ್ತವೆ.

ಮೊದಲು, ಪಿಚರ್ ಚೆಂಡು ಎಸೆಯುವ ಮುನ್ನವೇ ಯಾವ ಯಾವ ಬೇಸ್‌ನಲ್ಲಿ ಓಟಗಾರರಿದ್ದಾರೆ ಎಂದು ನೋಡಿಕೊಳ್ಳಿ. ಒಂದು ಬೇಸ್‌ನಲ್ಲಿ ಒಬ್ಬನಿಗಷ್ಟೇ ಜಾಗ. ಬ್ಯಾಟರ್ ಚೆಂಡನ್ನು ನೆಲಕ್ಕೆ ಹೊಡೆದರೆ ಆತ ಮೊದಲ ಬೇಸ್‌ಗೆ ಓಡಲೇಬೇಕು. ಆಗ ಅಲ್ಲಿದ್ದವನು, ಬಸ್ಸಿನಲ್ಲಿ ಸೀಟು ಕಾಯ್ದಿರಿಸಿದವರು ಬಂದಾಗ ಎದ್ದೇಳುವಂತೆ, ಜಾಗ ಬಿಟ್ಟು ಎರಡನೆಯ ಬೇಸ್‌ಗೆ ಹೋಗಬೇಕು. ಆದ್ದರಿಂದ ಮೊದಲ ಬೇಸ್‌ನಿಂದ ಎಣಿಸುತ್ತಾ ಹೋಗಿ, ಎಲ್ಲಿ ಖಾಲಿ ಸಿಗುತ್ತದೋ ಅಲ್ಲಿಗೆ ಒತ್ತಾಯ ಮುಗಿಯಿತು. ಮೊದಲ ಮತ್ತು ಮೂರನೆಯ ಬೇಸ್‌ನಲ್ಲಿ ಮಾತ್ರ ಓಟಗಾರರಿದ್ದರೆ, ಮೂರನೆಯದರಲ್ಲಿ ನಿಂತವನು ಕದಲದೆ ಇರಬಹುದು.

ಒತ್ತಾಯಕ್ಕೆ ಒಳಗಾದ ಓಟಗಾರ ತಲುಪುವ ಮುನ್ನ ಚೆಂಡು ಹಿಡಿದ ಫೀಲ್ಡರ್ ಆ ಬೇಸ್ ಮುಟ್ಟಿದರೆ ಸಾಕು, ಫೋರ್ಸ್ ಔಟ್. ಇಂಥ ತೀರ್ಪು ನೀಡುವಾಗ ಅಂಪೈರ್ ಸಾಮಾನ್ಯವಾಗಿ ಚೆಂಡಿನತ್ತ ನೋಡುವುದಿಲ್ಲ; ಕಣ್ಣು ಬೇಸ್‌ನ ಅಂಚಿನಲ್ಲಿರುವ ಪಾದಗಳ ಮೇಲೆ, ಕಿವಿ ಚೆಂಡು ಗ್ಲೌಸ್‌ಗೆ ಬೀಳುವ ಸದ್ದಿನ ಮೇಲೆ.

ಎರಡನೆಯದಾಗಿ, ಒತ್ತಾಯ ಯಾವಾಗ ಕಳಚುತ್ತದೆ ಎಂಬುದನ್ನು ತಿಳಿಯಬೇಕು. ಮೊದಲ ಬೇಸ್‌ನಲ್ಲಿ ಒಬ್ಬನಿದ್ದಾಗ ಚೆಂಡು ನೇರವಾಗಿ ಅಲ್ಲಿನ ಫೀಲ್ಡರ್ ಕೈಗೆ ಉರುಳಿತೆನ್ನಿ. ಅವನು ಮೊದಲು ತನ್ನ ಬೇಸ್ ತುಳಿದು ಬ್ಯಾಟರ್‌ನನ್ನು ಔಟ್ ಮಾಡಿದರೆ, ಮುಂದೆ ಓಡುತ್ತಿರುವವನಿಗೆ ಹಿಂದಿರುಗಲು ಜಾಗ ಸಿಕ್ಕಿತು. ಇನ್ನು ಎರಡನೆಯ ಬೇಸ್ ತುಳಿದು ಪ್ರಯೋಜನವಿಲ್ಲ, ಅವನನ್ನೇ ಮುಟ್ಟಬೇಕು. ಅದೇ ಚೆಂಡನ್ನು ಮೊದಲು ಎರಡನೆಯ ಬೇಸ್‌ಗೆ ಎಸೆದು, ಅಲ್ಲಿಂದ ಮೊದಲನೆಯದಕ್ಕೆ ತರಿಸಿದ್ದರೆ ಯಾರನ್ನೂ ಮುಟ್ಟದೆ ಇಬ್ಬರನ್ನೂ ಔಟ್ ಮಾಡಬಹುದಿತ್ತು. ಶಾಲಾ ಮೈದಾನದಲ್ಲಿ ಕಲಿಸುವ ದೈಹಿಕ ಶಿಕ್ಷಕರು ಸುಣ್ಣದ ಪುಡಿಯಿಂದ 27.43 ಮೀಟರ್ ಅಂತರದಲ್ಲಿ ಬೇಸ್‌ಗಳನ್ನು ಗುರುತಿಸಿ, ಈ ಎರಡು ಕ್ರಮಗಳನ್ನು ಮಕ್ಕಳಿಂದ ನಿಧಾನವಾಗಿ ನಡೆಸಿ ತೋರಿಸುವುದು ಹಲಗೆಯ ಮೇಲಿನ ಚಿತ್ರಕ್ಕಿಂತ ಮೇಲು.

ಇನ್ನು ರನ್ ಲೆಕ್ಕ. ಮೂರನೆಯ ಔಟ್‌ಗೆ ಇನಿಂಗ್ಸ್ ಮುಗಿಯುವುದರಿಂದ ತಕರಾರು ಹುಟ್ಟುವುದು ಅಲ್ಲಿಯೇ. ಆ ಔಟ್ ಫೋರ್ಸ್ ಔಟ್ ಆಗಿದ್ದರೆ, ಅಥವಾ ಬ್ಯಾಟರ್ ಮೊದಲ ಬೇಸ್ ಮುಟ್ಟುವ ಮುನ್ನ ಔಟಾದರೆ, ಅದೇ ಹೊಡೆತದಲ್ಲಿ ಮತ್ತೊಬ್ಬ ಎಷ್ಟೇ ಮುಂಚಿತವಾಗಿ ಹೋಂ ಪ್ಲೇಟ್ ಮುಟ್ಟಿದ್ದರೂ ರನ್ ಸೇರದು. ಕ್ರಿಕೆಟ್‌ನಲ್ಲಿ ರನ್ ಔಟ್‌ಗೆ ಮೊದಲು ಪೂರ್ಣಗೊಂಡ ರನ್‌ಗಳು ಉಳಿಯುವುದರಿಂದ ಇದು ನಮ್ಮವರಿಗೆ ಅನ್ಯಾಯವೆಂದೇ ತೋರುತ್ತದೆ. 1908ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕ್ ಜೈಂಟ್ಸ್ ತಂಡ ಇದರ ಬೆಲೆ ತೆತ್ತಿತು. ಶಿಕಾಗೊ ಕಬ್ಸ್ ವಿರುದ್ಧ 1-1 ಸಮಬಲವಿದ್ದಾಗ ಕೊನೆಯ ಹೊಡೆತಕ್ಕೆ ಮೂರನೆಯ ಬೇಸ್‌ನವನು ಹೋಂ ಪ್ಲೇಟ್ ಮುಟ್ಟಿದ. ಆದರೆ ಮೊದಲ ಬೇಸ್‌ನಲ್ಲಿದ್ದ ಫ್ರೆಡ್ ಮರ್ಕಲ್, ಪಂದ್ಯ ಗೆದ್ದೆವೆಂದು ಎರಡನೆಯ ಬೇಸ್ ಮುಟ್ಟದೆ ಹೊರಟುಬಿಟ್ಟ. ಕಬ್ಸ್‌ನ ಜಾನಿ ಎವರ್ಸ್ ಚೆಂಡು ಹಿಡಿದು ಆ ಬೇಸ್ ತುಳಿದದ್ದರಿಂದ ಅದು ಮೂರನೆಯ ಔಟ್ ಆಗಿ ರನ್ ಅಳಿಸಿಹೋಯಿತು. ಮರುಪಂದ್ಯದಲ್ಲಿ ಕಬ್ಸ್ ಗೆದ್ದಿತು.

ಮೂರನೆಯ ಔಟ್ ಓಟಗಾರನನ್ನು ಮುಟ್ಟಿ ಪಡೆದದ್ದಾದರೆ ಸಮಯವೇ ಪ್ರಮಾಣ: ಮುಟ್ಟುವ ಮೊದಲೇ ಹೋಂ ಪ್ಲೇಟ್ ತಲುಪಿದ ರನ್ ಸೇರುತ್ತದೆ.

ಅನುಭವಿಗಳೂ ಎಡವುವುದು ಕ್ಯಾಚ್ ಆದಾಗ. ಚೆಂಡು ಗಾಳಿಯಲ್ಲೇ ಹಿಡಿಯಲ್ಪಟ್ಟರೆ ಬ್ಯಾಟರ್ ಔಟ್; ಯಾರಿಗೂ ಓಡುವ ಒತ್ತಾಯವಿಲ್ಲ, ಆದರೆ ಕ್ಯಾಚ್‌ಗೆ ಮೊದಲೇ ಬೇಸ್ ಬಿಟ್ಟವರು ಮರಳಿ ಮುಟ್ಟಬೇಕು. ಮರಳುವಷ್ಟರಲ್ಲಿ ಫೀಲ್ಡರ್ ಆ ಬೇಸ್ ತುಳಿದು ಔಟ್ ಪಡೆಯುವುದು ನೋಡಲು ಫೋರ್ಸ್ ಔಟ್‌ನಂತೆಯೇ ಕಂಡರೂ ಅದು ಫೋರ್ಸ್ ಔಟ್ ಅಲ್ಲ. ಹೀಗಾಗಿ ಒಂದು ಔಟ್ ಆಗಿದ್ದಾಗ ಕ್ಯಾಚ್ ಆಗಿ, ಮೂರನೆಯ ಬೇಸ್‌ನವನು ಕ್ಯಾಚ್ ನಂತರ ಹೊರಟು ಹೋಂ ಪ್ಲೇಟ್ ತಲುಪಿದ ಬಳಿಕ ಮೊದಲ ಬೇಸ್‌ನವನು ಮರಳಲಾಗದೆ ಮೂರನೆಯ ಔಟ್ ಆದರೆ, ಆ ರನ್ ಸೇರುತ್ತದೆ. ಸ್ಕೋರ್ ಬರೆಯುವವರು ಇಂಥ ಸಂದರ್ಭದಲ್ಲಿ ಹೋಂ ಪ್ಲೇಟ್ ಅಂಪೈರ್ ಸನ್ನೆಯನ್ನು ಕಂಡ ನಂತರವೇ ರನ್ ಬರೆಯುವುದು ಕ್ಷೇಮ.