ಪಾಗಾರದ ಮೇಲೆ ಇಟ್ಟ ತೆಂಗಿನಕಾಯಿ

"ನಿಮ್ಮ ವೈರಿಗಳನ್ನು ಪ್ರೀತಿಸಿರಿ." ಬೈಬಲಿನಲ್ಲಿ ಯೇಸು ಹೇಳಿದ ಮಾತು, ಮತ್ತಾಯ 5:44. ಸಂಡೇ ಸ್ಕೂಲಿನಲ್ಲೇ ನಾನು ಇದನ್ನು ಬಾಯಿಪಾಠ ಮಾಡಿದ್ದೆ. ಆಗ ನನಗೆ ವೈರಿ ಅಂತ ಯಾರೂ ಇರಲಿಲ್ಲ. ನಲವತ್ತೆಂಟನೇ ವಯಸ್ಸಿನಲ್ಲಿ ಒಬ್ಬರಾದರು. ಅವರು ದೊಡ್ಡಪ್ಪನ ಮಗ, ನಾನು ಅಣ್ಣ ಅಣ್ಣ ಅಂತ ಹಿಂದೆ ಓಡಾಡಿ ಬೆಳೆದವರು.

ಮಂಗಳೂರಿನ ಹೊರಗೆ ನಮ್ಮ ಎರಡು ಮನೆ ಅಕ್ಕಪಕ್ಕ. ಜೆಪ್ಪುವಿನ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯಲ್ಲಿ ದುಡಿದು ಅಜ್ಜ ತೆಗೆದ ಜಾಗ. ಪಾಲಾದ ಮೇಲೆ ಅಣ್ಣ ಕೆಂಪುಕಲ್ಲಿನ ಪಾಗಾರ ಕಟ್ಟಿಸಿದರು. ಅದು ನಮ್ಮ ಕಡೆಗೆ ಒಂದೂವರೆ ಅಡಿ ಒಳಗೆ ಬಂತು, ಮಳೆನೀರು ಹೋಗುವ ಕಣಿಯೂ ಮುಚ್ಚಿಹೋಯಿತು. ಆ ಜೂನ್‌ನಲ್ಲಿ ಅಂಗಳದಲ್ಲಿ ಮೊಣಕಾಲು ಮಟ್ಟ ನೀರು. ಬಾವಿಗೆ ಕೆಸರು ಇಳಿಯಿತು. ಕೇಳಲು ಹೋದ ಅಮ್ಮನಿಗೆ ಅವರು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ನಾನು ಕೋರ್ಟಿಗೆ ಹೋದೆ.

ನಾಲ್ಕು ವರ್ಷ ಮಾತಿಲ್ಲ. ಹೋಗುವ ಚರ್ಚು ಮಾತ್ರ ಒಂದೇ. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆರಾಧನೆಯಲ್ಲಿ ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವುದಕ್ಕೆ, ಮೊದಲು ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಕ್ರಮ ಇದೆ. ಮುಂದಿನವರು ಕೊಟ್ಟದ್ದನ್ನು ನಾವು ಪಕ್ಕದವರಿಗೆ ಕೊಡಬೇಕು. ಅಂಗೈಗೆ ಅಂಗೈ ತಾಗಬೇಕು. ಅಣ್ಣನ ಕೈ ನನ್ನ ಕೈಗೆ ಬರಬಾರದು ಅಂತ ನಾನು ಅಪ್ಪನ ಕಾಲದಿಂದ ಕೂರುತ್ತಿದ್ದ ಬೆಂಚನ್ನೇ ಬಿಟ್ಟು ಬಾಗಿಲ ಹತ್ತಿರ ಕೂತೆ.

ಪ್ರಾರ್ಥನೆ ಮಾಡಲಿಲ್ಲ ಅಂತಲ್ಲ. "ಕರ್ತನೇ, ಅವರಿಗೆ ಬುದ್ಧಿ ಕೊಡು" ಅಂತ ದಿನಾ ಕೇಳುತ್ತಿದ್ದೆ. ಕೇಸಿನ ಫೈಲನ್ನೇ ದೇವರ ಮುಂದೆ ಓದಿದ ಹಾಗಿತ್ತು ಅದು. ಎದ್ದಾಗ ಸಿಟ್ಟು ಇನ್ನೂ ಜಾಸ್ತಿ ಆಗಿರುತ್ತಿತ್ತು.

ನನಗೆ ದಾರಿ ಸಿಕ್ಕಿದ್ದು ಬೈಬಲಿನ ವಿಮೋಚನಕಾಂಡ 23ನೇ ಅಧ್ಯಾಯದಲ್ಲಿ. ವೈರಿಯ ಎತ್ತೋ ಕತ್ತೆಯೋ ತಪ್ಪಿಸಿಕೊಂಡು ಹೋಗುವುದು ಕಂಡರೆ ಹಿಡಿದು ತಂದು ಅವನಿಗೆ ಒಪ್ಪಿಸಬೇಕು ಅಂತ ಅಲ್ಲಿದೆ. ಅವನನ್ನು ನೋಡಿ ಖುಷಿಪಡು ಅಂತ ಇಲ್ಲ. ಮೊದಲು ಎತ್ತು ಮನೆ ಮುಟ್ಟಲಿ, ಅಷ್ಟೇ. ಓದಿದ ಕೂಡಲೇ ನನಗೆ ನೆನಪಾದದ್ದು ತೆಂಗಿನಕಾಯಿ. ಅಣ್ಣನ ಒಂದು ತೆಂಗಿನ ಮರ ನಮ್ಮ ಕಡೆಗೆ ವಾಲಿದೆ. ಬಿದ್ದ ಕಾಯಿಯನ್ನೆಲ್ಲ ನಾಲ್ಕು ವರ್ಷ ನಾವೇ ಸಾರಿಗೆ ಹಾಕಿಕೊಂಡಿದ್ದೆವು. ಒಂದೂವರೆ ಅಡಿ ಜಾಗಕ್ಕೆ ಬಾಡಿಗೆ ಅಂತ ಮನಸ್ಸಿನಲ್ಲೇ ಲೆಕ್ಕ.

ಮರುದಿನ ಬೆಳಿಗ್ಗೆ ಎರಡು ಕಾಯಿ ಬಿದ್ದಿತ್ತು. ಒದ್ದೆ ಹುಲ್ಲಿನಿಂದ ಎತ್ತಿ, ಮಣ್ಣು ಒರೆಸಿ, ಪಾಗಾರದ ಮೇಲೆ ಇಟ್ಟೆ. ಎದೆ ಡವಡವ ಅನ್ನುತ್ತಿತ್ತು. ನಾನು ಸೋತೆ ಅಂತ ಅವರು ತಿಳಿದುಕೊಂಡರೆ? ನಾಲ್ಕು ದಿನ ಕಾಯಿ ಅಲ್ಲೇ ಇತ್ತು. ಐದನೇ ದಿನ ಇರಲಿಲ್ಲ. ಅತ್ತಿಗೆ ತೆಗೆದದ್ದು ಅಂತ ಆಮೇಲೆ ಗೊತ್ತಾಯಿತು.

ಇನ್ನೊಂದು ಕೆಲಸ ಇದಕ್ಕಿಂತ ಕಷ್ಟದ್ದು, ನಾಲಿಗೆ ಹಿಡಿಯುವುದು. ಮದುವೆ ಮನೆಯಲ್ಲಿ ಯಾರಾದರೂ "ಏನಾಯ್ತು ನಿಮ್ಮ ಕೇಸು?" ಅಂದರೆ ಸಾಕು, ಅರ್ಧ ಗಂಟೆ ಅಣ್ಣನ ಬಣ್ಣ ಬಿಡಿಸುತ್ತಿದ್ದೆ. ಅದನ್ನು ನಿಲ್ಲಿಸಿದೆ. "ನಡೀತಾ ಇದೆ" ಅಂತ ಮಾತ್ರ ಹೇಳುತ್ತೇನೆ. ದ್ವೇಷಕ್ಕೆ ದಿನಾ ಊಟ ಹಾಕುತ್ತಿದ್ದದ್ದು ಈ ಮಾತುಗಳೇ ಅಂತ ನಿಲ್ಲಿಸಿದ ಮೇಲೇ ಅರ್ಥವಾಯಿತು.

ಪ್ರಾರ್ಥನೆಯನ್ನೂ ಬದಲಾಯಿಸಿದೆ. ಹೆಸರು ಹಿಡಿದು, ಅವರಿಗೆ ನಿಜವಾಗಿ ಬೇಕಾದ ಒಂದು ವಿಷಯವನ್ನೇ ಕೇಳಬೇಕು ಅಂತ. ಹಾಗೆ ಕೇಳಬೇಕಾದರೆ ಅವರಿಗೆ ಏನು ಬೇಕು ಅಂತ ಗೊತ್ತಿರಬೇಕಲ್ವಾ? ನನಗೆ ಗೊತ್ತೇ ಇರಲಿಲ್ಲ. ಆಗಲೇ ಅವರ ಕಡೆ ಸರಿಯಾಗಿ ನೋಡಿದ್ದು. ಅಣ್ಣ ಕುಂಟುತ್ತಿದ್ದರು. ಸಕ್ಕರೆ ಕಾಯಿಲೆ, ಕಾಲಿನ ಗಾಯ ಒಣಗುತ್ತಿಲ್ಲ. ನಾಲ್ಕು ವರ್ಷ ಎದುರಿಗೇ ಇದ್ದ ಮನುಷ್ಯನ ಕಾಲು ನನಗೆ ಕಂಡಿರಲಿಲ್ಲ. ಅಂದಿನಿಂದ ಆ ಕಾಲಿಗಾಗಿ ಪ್ರಾರ್ಥಿಸಿದೆ.

ಕೇಸನ್ನು ಹಿಂದೆ ತೆಗೆಯಲಿಲ್ಲ. ಇದನ್ನು ಒತ್ತಿ ಹೇಳಬೇಕು. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಶನರಿಯಾಗಿದ್ದ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಸುಟ್ಟು ಕೊಂದವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು. ಕೋರ್ಟಿನ ವಿಚಾರಣೆ ನಿಲ್ಲಲಿಲ್ಲ, ಶಿಕ್ಷೆಯೂ ಆಯಿತು. ಅವರ ನೋವಿನ ಮುಂದೆ ನನ್ನ ಒಂದೂವರೆ ಅಡಿ ಯಾವ ಲೆಕ್ಕ? ಆದರೂ ಅವರಿಂದ ಕಲಿತೆ: ತಪ್ಪನ್ನು ತಪ್ಪು ಅನ್ನುತ್ತಲೇ ಪ್ರೀತಿಸಬಹುದು. ಗಂಡನ ಕೈಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ ಈ ವಚನ ತೋರಿಸಿ "ಸಹಿಸಿಕೊಂಡಿರು" ಅನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವಳು ಮೊದಲು ಅಲ್ಲಿಂದ ಹೊರಗೆ ಬರಬೇಕು. ಪ್ರಾರ್ಥನೆಯನ್ನು ದೂರದಿಂದಲೂ ಮಾಡಬಹುದು.

ಹೋದ ವರ್ಷ ನಾನು ಹಳೆಯ ಬೆಂಚಿಗೆ ವಾಪಸ್ಸು ಹೋದೆ. ಮೊದಲ ಎರಡು ಸಲ ಅಣ್ಣ ಸಮಾಧಾನವನ್ನು ನನ್ನ ಮಗನಿಗೆ ಕೊಟ್ಟು ಮುಂದೆ ನೋಡಿದರು. ಮೂರನೇ ಸಲ ಮಗ ಬಂದಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ತಿರುಗಿ ಎರಡೂ ಕೈ ಚಾಚಿದರು. ಒರಟು ಕೈ, ಬೆರಳು ತಣ್ಣಗಿತ್ತು. ನಾನು ತೆಗೆದುಕೊಂಡು ಹಿಂದಿನ ಬೆಂಚಿನ ಅಜ್ಜಿಗೆ ದಾಟಿಸಿದೆ.

ಹೊರಗೆ ಬಂದ ಮೇಲೆ ಮಾತು ಆಗಲಿಲ್ಲ. ಸರ್ವೆಯವರು ಮಳೆ ಬಿಟ್ಟ ಮೇಲೆ ಅಳತೆಗೆ ಬರುತ್ತಾರೆ. ಇವತ್ತು ಬೆಳಿಗ್ಗೆ ಮೂರು ಕಾಯಿ ಬಿದ್ದಿತ್ತು, ಇಟ್ಟು ಬಂದಿದ್ದೇನೆ.