ಊರೂರು ಆಡಿದ ರೈಟ್ ಬ್ಯಾಕ್, ಈಗ ಮಕ್ಕಳ ಕೋಚ್: ನನ್ನ ಅನುಭವ

ಫುಟ್‌ಬಾಲ್ ಆಡಿ ಜೀವನ ಮಾಡಿದವನು ಅಂದರೆ ಜನ ಮೊದಲು ಕೇಳುವುದು, ಇಂಡಿಯಾಗೆ ಆಡಿದ್ದೀರಾ ಅಂತ. ಇಲ್ಲ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್? ಅದೂ ಇಲ್ಲ. ನಾನು ರೈಟ್ ಬ್ಯಾಕ್, ಅಂದರೆ ಬಲಬದಿ ಕಾಯುವ ಡಿಫೆಂಡರ್. ಬೆಂಗಳೂರು, ಗೋವಾ, ಕೋಲ್ಕತ್ತಾ, ಮತ್ತೆ ಬೆಂಗಳೂರು, ಹೀಗೆ ಒಂದೊಂದು ಸೀಸನ್ನಿನ ಕಾಂಟ್ರಾಕ್ಟ್ ಹಿಡಿದು ಹತ್ತು ಹನ್ನೆರಡು ವರ್ಷ ಆಡಿದೆ. ಈಗ ಬೆಂಗಳೂರಿನ ಪೂರ್ವ ಭಾಗದಲ್ಲಿ ಹತ್ತರಿಂದ ಹದಿನೈದು ವರ್ಷದ ಮಕ್ಕಳಿಗೆ ಕೋಚ್ ಆಗಿದ್ದೇನೆ. ಈ ಆಟದಲ್ಲಿ ನನ್ನಂಥವರೇ ಜಾಸ್ತಿ. ಆದರೆ ನಮ್ಮ ದಾರಿ ಹೇಗಿರುತ್ತದೆ ಅಂತ ಯಾರೂ ಬರೆಯುವುದಿಲ್ಲ. ಮಗನನ್ನೋ ಮಗಳನ್ನೋ ಮೈದಾನಕ್ಕೆ ಕಳಿಸುತ್ತಿರುವ ಅಪ್ಪ ಅಮ್ಮಂದಿರಿಗೆ, ಆಟ ಮುಗಿಸಿ ಮುಂದೇನು ಅಂತ ಯೋಚಿಸುತ್ತಿರುವ ಆಟಗಾರರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಳೆದಿದ್ದು ಮುರುಗೇಶಪಾಳ್ಯದ ಕಡೆ. ಬೆಂಗಳೂರು ಅಂದರೆ ಕ್ರಿಕೆಟ್ ಅಂತ ಹೊರಗಿನವರಿಗೆ ಅನ್ನಿಸುತ್ತದೆ, ಆದರೆ ದಂಡು ಪ್ರದೇಶದಲ್ಲಿ ಮೊದಲಿಂದಲೂ ಫುಟ್‌ಬಾಲ್ ಹುಚ್ಚು. ಆಸ್ಟಿನ್ ಟೌನ್, ಹಲಸೂರು, ಗೌತಮಪುರ, ಒಂದೊಂದು ಏರಿಯಾಗೂ ಒಂದೊಂದು ಟೀಮು. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ನಮ್ಮ ತಲೆಯಲ್ಲಿದ್ದ ಕನಸು ಮಾತ್ರ ತುಂಬ ಸರಳ. ಜಿಲ್ಲಾ ಲೀಗ್‌ನಲ್ಲಿ ಸಿ ಡಿವಿಷನ್‌ನಿಂದ ಶುರು ಮಾಡಿ ಸೂಪರ್ ಡಿವಿಷನ್ ತಲುಪುವುದು, ಅಶೋಕನಗರದ ಸ್ಟೇಡಿಯಂನಲ್ಲಿ ಆಡುವುದು, ಅಲ್ಲಿ ಯಾವುದಾದರೂ ಸಂಸ್ಥೆಯ ಟೀಮಿನವರ ಕಣ್ಣಿಗೆ ಬಿದ್ದು ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಹಿಡಿಯುವುದು. ಐಟಿಐ (ಟೆಲಿಫೋನ್ ಕಾರ್ಖಾನೆ), ಎಚ್‌ಎಎಲ್, ಬಿಇಎಂಎಲ್‌ನಂಥ ಸರ್ಕಾರಿ ಕಾರ್ಖಾನೆಗಳಲ್ಲಿ ನಮ್ಮ ಹಿರಿಯರ ಕಾಲದಲ್ಲಿ ಎಷ್ಟೋ ಜನ ಹೀಗೇ ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು.

ನನ್ನ ಕಾಲಕ್ಕೆ ಆ ಬಾಗಿಲು ಅರ್ಧ ಮುಚ್ಚಿತ್ತು. ಖಾಯಂ ಕೆಲಸದ ಬದಲು ಸ್ಟೈಪೆಂಡ್ ಅಂತ ಒಂದಿಷ್ಟು ಕೊಟ್ಟು ಒಂದು ವರ್ಷಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಹುಡುಗನಾಗಿದ್ದಾಗ ನಾನು ಫಾರ್ವರ್ಡ್. ಸೂಪರ್ ಡಿವಿಷನ್‌ಗೆ ಬಂದ ಮೊದಲ ಸೀಸನ್ನಿನಲ್ಲಿ ನಮ್ಮ ರೈಟ್ ಬ್ಯಾಕ್‌ಗೆ ಮಂಡಿ ಪೆಟ್ಟಾಯಿತು, ಕೋಚ್ ನನ್ನನ್ನು ಕರೆದು, ಲೋ ಅಲ್ಲಿ ಹೋಗಿ ನಿಂತ್ಕೋ ಅಂದರು, ನಿಂತೆ. ಆಮೇಲೆ ಅಲ್ಲಿಂದ ಕದಲಲಿಲ್ಲ. ಫಾರ್ವರ್ಡ್ ಆಗಬೇಕು ಅನ್ನುವವರು ಪ್ರತಿ ಟ್ರಯಲ್ಸ್‌ನಲ್ಲೂ ಸಾಲುಗಟ್ಟಿರುತ್ತಾರೆ. ರೈಟ್ ಬ್ಯಾಕ್ ಆಡುತ್ತೇನೆ, ಬೇಕಾದರೆ ಲೆಫ್ಟ್‌ನಲ್ಲೂ ಆಡುತ್ತೇನೆ, ನಡುವೆ ನಿಲ್ಲುವ ಡಿಫೆಂಡರ್, ಅಂದರೆ ಸ್ಟಾಪರ್ ಇಲ್ಲದಿದ್ದರೆ ಅಲ್ಲೂ ನಿಲ್ಲುತ್ತೇನೆ ಅನ್ನುವ ಹುಡುಗರು ಸಿಗುವುದು ಕಷ್ಟ. ನನಗೆ ಇಷ್ಟು ವರ್ಷ ಅನ್ನ ಹಾಕಿದ್ದು ಆ ಒಂದು ಗುಣ.

ಗೋವಾಕ್ಕೆ ಹೋಗಿದ್ದು ಇಪ್ಪತ್ತೆರಡು ದಾಟಿದ ಮೇಲೆ. ಅಲ್ಲಿ ಫುಟ್‌ಬಾಲ್ ಊರಿನ ಮನೆಮಾತು. ಚರ್ಚ್ ಪಕ್ಕದ ಮೈದಾನದಲ್ಲಿ ಎರಡು ಹಳ್ಳಿಗಳ ನಡುವಿನ ಮ್ಯಾಚಿಗೂ ಜನ ಸೇರುತ್ತಾರೆ, ಅಜ್ಜಿಯರು ಕೂಡ ಆಫ್‌ಸೈಡ್ ಅಂತ ಕೂಗುತ್ತಾರೆ. ಮಡಗಾಂವ್ ಹತ್ತಿರ ನಾಲ್ಕು ಜನ ಒಂದು ರೂಮಿನಲ್ಲಿದ್ದೆವು. ಹೊಸ ಕ್ಲಬ್‌ಗೆ ಹೋದಾಗ ನಾನು ಒಂದು ಕ್ರಮ ಇಟ್ಟುಕೊಂಡಿದ್ದೆ. ಮೊದಲ ಮೂರು ದಿನ ಕೌಶಲ ತೋರಿಸಲು ಹೋಗಬಾರದು. ಗೋಲ್‌ಕೀಪರ್ ಯಾವ ಕಾಲಿಗೆ ಪಾಸ್ ಕೇಳುತ್ತಾನೆ, ನನ್ನ ಪಕ್ಕದ ಸ್ಟಾಪರ್ ನಿಧಾನವೋ ಚುರುಕೋ, ನನ್ನ ಮುಂದೆ ಅಂಚಿನಲ್ಲಿ ಆಡುವ ವಿಂಗರ್ ಹಿಂದೆ ಓಡಿ ಬರುತ್ತಾನೋ ಇಲ್ಲವೋ, ಇಷ್ಟನ್ನು ನೋಡಬೇಕು. ಬಾಲ್ ಬಂದರೆ ಸುಮ್ನೆ ಎರಡು ಟಚ್‌ನಲ್ಲಿ ನಮ್ಮವರಿಗೇ ಕೊಡಬೇಕು. ಟ್ರಯಲ್ಸ್‌ನಲ್ಲಿ ತಪ್ಪು ಮಾಡದ ಡಿಫೆಂಡರ್ ಉಳಿಯುತ್ತಾನೆ. ಬೆಂಚಿನಲ್ಲಿ ಕೂತಾಗಲೂ ಅಷ್ಟೇ, ಎದುರಾಳಿ ವಿಂಗರ್‌ನ ಕಾಲು ನೋಡುತ್ತಾ ಕೂರುತ್ತಿದ್ದೆ. ಅವನು ಒಳಗೆ ಬರುತ್ತಾನೋ ಲೈನ್ ಹಿಡಿದು ಹೋಗುತ್ತಾನೋ ಅಂತ ಎಪ್ಪತ್ತು ನಿಮಿಷ ನೋಡಿದವನಿಗೆ ಉಳಿದ ಇಪ್ಪತ್ತು ನಿಮಿಷ ಅವನನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ.

ಕೋಲ್ಕತ್ತಾ ಬೇರೆಯೇ ಲೋಕ. ಅಲ್ಲಿನ ಲೀಗ್ ನಡೆಯುವುದು ಮಳೆಗಾಲದಲ್ಲಿ, ಮೈದಾನ ಅಂತ ಅವರು ಕರೆಯುವ ಆ ದೊಡ್ಡ ಬಯಲಿನಲ್ಲಿ ಕ್ಲಬ್‌ಗಳ ಟೆಂಟ್‌ಗಳಿವೆ, ಪ್ರಾಕ್ಟೀಸ್ ಮುಗಿಸಿ ಟೆಂಟ್ ಕ್ಯಾಂಟೀನಿನಲ್ಲಿ ಚಿಕನ್ ಸ್ಟ್ಯೂ, ಟೋಸ್ಟ್ ತಿನ್ನುವುದು ಎಲ್ಲರಿಗೂ ರೂಢಿ. ನಾನಿದ್ದದ್ದು ಚಿಕ್ಕ ಕ್ಲಬ್. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ವಿರುದ್ಧ ಸಿಗುವ ಆ ಒಂದೊಂದು ಮ್ಯಾಚಿಗಾಗಿ ನಮ್ಮಂಥವರು ಇಡೀ ಸೀಸನ್ ಕಾಯುತ್ತಿದ್ದೆವು. ಬೆಂಗಳೂರಿನವನು ಅಂದ ತಕ್ಷಣ ಅಲ್ಲಿನ ವಯಸ್ಸಾದವರು ಅಹ್ಮದ್ ಖಾನ್ ಹೆಸರು ಎತ್ತುತ್ತಿದ್ದರು. ಈಸ್ಟ್ ಬೆಂಗಾಲ್‌ನ ಪಂಚಪಾಂಡವರು ಅಂತ ಹೆಸರಾದ ಐದು ಫಾರ್ವರ್ಡ್‌ಗಳಲ್ಲಿ ಒಬ್ಬರು, 1948 ಮತ್ತು 1952ರ ಒಲಿಂಪಿಕ್ಸ್ ಆಡಿದವರು, ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಇಂಡಿಯಾದ ಒಂದೇ ಗೋಲು ಹೊಡೆದ ರಾಮನ್ ಕೂಡ ಆಗ ಮೈಸೂರಿಗೆ ಆಡುತ್ತಿದ್ದವರು. ನಮ್ಮೂರಿನ ಹುಡುಗರಿಗೆ ಈ ಹೆಸರುಗಳು ಗೊತ್ತಿಲ್ಲ ಅನ್ನುವುದು ನನಗೆ ನಿಜವಾಗಿ ನೋವಿನ ವಿಷಯ. ಈಗ ಮಳೆ ಬಂದು ಪ್ರಾಕ್ಟೀಸ್ ನಿಂತಾಗ ಮಕ್ಕಳನ್ನು ಕೂರಿಸಿ ಇವರ ಕಥೆ ಹೇಳುತ್ತೇನೆ.

ದುಡ್ಡಿನ ವಿಷಯ ಬಿಚ್ಚಿ ಹೇಳಬೇಕು. ಕಾಂಟ್ರಾಕ್ಟ್ ಎಂಟು ಒಂಬತ್ತು ತಿಂಗಳದ್ದು, ಉಳಿದ ತಿಂಗಳು ಸಂಬಳವಿಲ್ಲ. ಆ ಬೇಸಿಗೆಗಳಲ್ಲಿ ಕೇರಳದ ಸೆವೆನ್ಸ್ ಆಡಿದ್ದೇನೆ. ಮಲಪ್ಪುರಂ ಕಡೆ ನವೆಂಬರ್‌ನಿಂದ ಮೇ ತಿಂಗಳವರೆಗೂ ಏಳು ಜನರ ಫುಟ್‌ಬಾಲ್ ನಡೆಯುತ್ತದೆ, ರಾತ್ರಿ ಲೈಟ್ ಹಾಕಿ, ಮರ ಬಿದಿರು ಕಟ್ಟಿ ಗ್ಯಾಲರಿ ಮಾಡಿ. ಆಫ್ರಿಕಾದಿಂದ ಆಟಗಾರರು ಬರುತ್ತಾರೆ. ಮ್ಯಾಚಿಗೆ ಇಷ್ಟು ಅಂತ ದುಡ್ಡು, ಅದೂ ಅಂದೇ ರಾತ್ರಿ ಕೈಗೆ. ರಾಷ್ಟ್ರೀಯ ಫುಟ್‌ಬಾಲ್ ಫೆಡರೇಷನ್ನಿನ ಮಾನ್ಯತೆ ಇಲ್ಲದ ಆಟವಾದ್ದರಿಂದ ಕಾಂಟ್ರಾಕ್ಟ್ ಇರುವಾಗ ಅತ್ತ ತಲೆ ಹಾಕುತ್ತಿರಲಿಲ್ಲ. ಒಂದು ಸೀಸನ್ನಿನಲ್ಲಿ ನಾನಿದ್ದ ಕ್ಲಬ್ಬಿನವರು ಕೊನೆಯ ನಾಲ್ಕು ತಿಂಗಳ ಸಂಬಳ ಕೊಡಲೇ ಇಲ್ಲ. ಸಹಿ ಮಾಡಿದ ಕಾಂಟ್ರಾಕ್ಟಿನ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಬಂದ ಮೆಸೇಜು ಎಲ್ಲ ನನ್ನ ಹತ್ತಿರ ಇದ್ದವು. ಇಂಥ ದೂರು ನೋಡುವ ಫೆಡರೇಷನ್ನಿನ ಪ್ಲೇಯರ್ಸ್ ಸ್ಟೇಟಸ್ ಕಮಿಟಿಗೆ ಬರೆದೆ. ತುಂಬ ತಡವಾಗಿ ಒಂದು ಭಾಗ ಬಂತು. ಈಗ ನನ್ನಿಂದ ಕಲಿತು ಹೋಗುವ ಪ್ರತಿ ಹುಡುಗನಿಗೂ ಹೇಳುತ್ತೇನೆ, ಕ್ಯಾಶ್ ಬೇಡ, ಬ್ಯಾಂಕಿಗೇ ಹಾಕಿಸಿಕೋ, ಕಾಂಟ್ರಾಕ್ಟಿನ ನಿನ್ನ ಪ್ರತಿ ಕೈಗೆ ಬರುವ ತನಕ ಬೂಟು ಕಟ್ಟಬೇಡ. ಪೆಟ್ಟಾದರೆ ಆಪರೇಷನ್ ಖರ್ಚು ಯಾರದ್ದು ಅನ್ನುವ ಸಾಲು ಅದರಲ್ಲಿ ಇದೆಯಾ ನೋಡು. ಆಟಗಾರರ ಸಂಘ ಎಫ್‌ಪಿಎಐ 2006ರಿಂದ ಇದೆ, ಅದರ ಸದಸ್ಯನಾಗು.

ಕ್ಲಬ್‌ಗಳೇ ಮುಚ್ಚಿ ಹೋಗುತ್ತವೆ ಅನ್ನುವುದೂ ಗೊತ್ತಿರಬೇಕು. 2010ರಲ್ಲಿ ಮಹೀಂದ್ರ ಯುನೈಟೆಡ್, 2011ರಲ್ಲಿ ಜೆಸಿಟಿ, ಎರಡೂ ದೊಡ್ಡ ಹೆಸರು, ಎರಡೂ ಮುಚ್ಚಿದವು. ಒಮ್ಮೆಲೇ ಅಷ್ಟು ಆಟಗಾರರು ಮಾರ್ಕೆಟ್ಟಿಗೆ ಬಂದರೆ ಕೆಳಗಿನ ಹಂತದಲ್ಲಿದ್ದ ನಮ್ಮ ಜಾಗಕ್ಕೆ ಕುತ್ತು. ನಮ್ಮ ಎಚ್‌ಎಎಲ್ 2010–11ರಲ್ಲಿ ಆಗಿನ ದೇಶದ ಮೇಲ್ಮಟ್ಟದ ಲೀಗ್ ಆಗಿದ್ದ ಐ-ಲೀಗ್‌ಗೆ ಏರಿ ಮರು ಸೀಸನ್ನಿಗೆ ಕೆಳಗಿಳಿಯಿತು. 2013ರಲ್ಲಿ ಬೆಂಗಳೂರು ಎಫ್‌ಸಿ ಬಂತು, ಬಂದ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. ಆ ಮ್ಯಾಚ್‌ಗಳನ್ನು ಅಶೋಕನಗರದ ಸ್ಟೇಡಿಯಂನಲ್ಲೇ ನೋಡಿದೆ. ನಾವು ಆಡುವಾಗ ಖಾಲಿ ಹೊಡೆಯುತ್ತಿದ್ದ ಸ್ಟ್ಯಾಂಡ್‌ಗಳಲ್ಲಿ ಹುಡುಗರು ಹಾಡು ಕಟ್ಟಿ ಹಾಡುತ್ತಿದ್ದರು. ಆಗಲೇ ನನಗೆ ಮೂವತ್ತರ ಹತ್ತಿರ. ಈ ಊರಿನಲ್ಲಿ ಇನ್ನು ಮುಂದೆ ಮಕ್ಕಳು ಫುಟ್‌ಬಾಲ್ ಕಲಿಯಲು ಬರುತ್ತಾರೆ, ಕಲಿಸುವವರು ಬೇಕಾಗುತ್ತಾರೆ ಅನ್ನಿಸಿತು.

ಹಾಗೆ ಆಡುತ್ತಿರುವಾಗಲೇ ಕೋಚಿಂಗ್‌ನ ಡಿ ಲೈಸೆನ್ಸ್ ಮಾಡಿದೆ. ಇದನ್ನು ಎಲ್ಲ ಆಟಗಾರರಿಗೂ ಹೇಳುತ್ತೇನೆ, ನಿವೃತ್ತಿ ಆದ ಮೇಲೆ ನೋಡೋಣ ಅಂತ ಕಾಯಬೇಡಿ. ಡಿ ಆದ ಮೇಲೆ ಸಿ, ಆಮೇಲೆ ಬಿ, ಎ, ಪ್ರೊ, ಒಂದರಿಂದ ಇನ್ನೊಂದಕ್ಕೆ ಹೋಗಲು ನಡುವೆ ಕೋಚಿಂಗ್ ಅನುಭವ ತೋರಿಸಬೇಕು. ಮುಂಚೆಯೇ ಶುರು ಮಾಡಿದರೆ ಆ ಕಾಯುವ ಸಮಯ ಆಡುವ ಸಮಯದಲ್ಲೇ ಕಳೆಯುತ್ತದೆ. ಕೋರ್ಸಿನಲ್ಲಿ ಸೆಷನ್ ಪ್ಲಾನ್ ಬರೆಯಲು ಕಲಿಸಿದರು. ಇಷ್ಟು ವರ್ಷ ಆಡಿದ್ದರೂ, ಹನ್ನೊಂದು ವರ್ಷದ ಮಗುವಿಗೆ ಒಂದೇ ಸಲಕ್ಕೆ ಒಂದೇ ವಿಷಯ ಹೇಳಬೇಕು ಅನ್ನುವುದು ನನಗೆ ಅಲ್ಲಿ ಮನದಟ್ಟಾಯಿತು.

ಈಗ ನನ್ನ ಸೆಷನ್ ಹೀಗಿರುತ್ತದೆ. ಮೈದಾನ ಸುತ್ತಿ ಓಡಿಸುವುದು ಇಲ್ಲವೇ ಇಲ್ಲ. ಬಂದ ತಕ್ಷಣ ಪ್ರತಿಯೊಬ್ಬರ ಕಾಲಿಗೂ ಒಂದು ಬಾಲ್. ಹನ್ನೆರಡರವರೆಗೆ ಸೈಜ್ ನಾಲ್ಕು, ಆಮೇಲೆ ಐದು. ಸಾಲಿನಲ್ಲಿ ನಿಂತು ಸರದಿ ಕಾಯುವ ಡ್ರಿಲ್ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು, ಹತ್ತು ಜನರ ಸಾಲಿನಲ್ಲಿ ಮಗು ಬಾಲ್ ಮುಟ್ಟುವುದೇ ಅಪರೂಪ. ನಾಲ್ಕು ಜನ ಸುತ್ತ, ಒಬ್ಬ ನಡುವೆ, ಆ ರಾಂಡೋ ಆಡಿಸುತ್ತೇನೆ. ಆಮೇಲೆ ನನಗೆ ಇಷ್ಟದ ಒಂದು ಅಭ್ಯಾಸ. ಪಾಸ್ ತೆಗೆದುಕೊಳ್ಳುವವನ ಹಿಂದೆ ನಾನು ಕೆಂಪೋ ಹಳದಿಯೋ ಬಿಬ್ (ಟೀಮು ಗುರುತಿಗೆ ಜರ್ಸಿ ಮೇಲೆ ಹಾಕುವ ತೋಳಿಲ್ಲದ ಬನಿಯನ್) ಎತ್ತಿ ಹಿಡಿಯುತ್ತೇನೆ, ಬಾಲ್ ಕಾಲಿಗೆ ಬರುವ ಮುಂಚೆ ಅವನು ತಿರುಗಿ ನೋಡಿ ಬಣ್ಣ ಹೇಳಬೇಕು. ಮೊದಲ ವಾರ ಎಲ್ಲರೂ ಬಾಲನ್ನೇ ನೋಡುತ್ತಿರುತ್ತಾರೆ. ಎರಡು ಮೂರು ತಿಂಗಳಲ್ಲಿ ಹೇಳದೇ ಇದ್ದರೂ ಭುಜದ ಮೇಲಿಂದ ನೋಡುವುದು ರೂಢಿಯಾಗುತ್ತದೆ. ಬೆಂಚಿನಲ್ಲಿ ಕೂತು ವಿಂಗರ್‌ಗಳನ್ನು ನೋಡಿ ನಾನು ಕಲಿತದ್ದನ್ನು ಮಕ್ಕಳ ಕೈಗೆ ದಾಟಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಕೊನೆಯ ಅರ್ಧ ಗಂಟೆ ಆಟ, ನಾಲ್ಕು ಚಿಕ್ಕ ಗೋಲುಗಳು, ಮೂರು ಜನರ ಟೀಮು. ಅದನ್ನು ತೀರಾ ಬೇಕಾದಾಗ ಮಾತ್ರ ನಿಲ್ಲಿಸುತ್ತೇನೆ.

ಹದಿನಾಲ್ಕರವರೆಗೆ ಯಾರಿಗೂ ಖಾಯಂ ಜಾಗ ಇಲ್ಲ. ಇದಕ್ಕೆ ಜಗಳ ಆಗಿದೆ. "ಸರ್, ನಮ್ಮ ಹುಡುಗ ಸ್ಟ್ರೈಕರ್, ಅವನನ್ನ ಯಾಕೆ ಹಿಂದೆ ನಿಲ್ಲಿಸ್ತೀರಿ?" ಅಂತ ಕೇಳುತ್ತಾರೆ. ಅವರನ್ನು ಕೂರಿಸಿ ಲೆಕ್ಕ ಹೇಳುತ್ತೇನೆ. ಐಎಸ್‌ಎಲ್‌ನಲ್ಲಿ ಇರುವುದು ಹದಿಮೂರು ಹದಿನಾಲ್ಕು ಕ್ಲಬ್, ಪ್ರತಿ ಕ್ಲಬ್‌ನಲ್ಲೂ ವಿದೇಶದವರು, ಅವರಲ್ಲಿ ಫಾರ್ವರ್ಡ್‌ಗಳೇ ಜಾಸ್ತಿ. ಇಡೀ ದೇಶದ ಹುಡುಗರು ಉಳಿದ ಆ ಕೆಲವು ನೂರು ಜಾಗಕ್ಕೆ ಓಡುತ್ತಿದ್ದಾರೆ. ನಿಮ್ಮ ಮಗನಿಗೆ ಎರಡು ಕಾಲೂ ಬಂದು, ಮೂರು ಜಾಗದಲ್ಲಿ ಆಡಲು ಬಂದರೆ ಅವನಿಗೆ ಯಾವುದಾದರೂ ಒಂದು ಬಾಗಿಲು ತೆರೆಯುತ್ತದೆ. ಮತ್ತೆ ಎಸ್‌ಎಸ್‌ಎಲ್‌ಸಿ ಬಿಡಿಸಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ಪರೀಕ್ಷೆ ತಿಂಗಳಲ್ಲಿ ವಾರಕ್ಕೆ ಎರಡೇ ದಿನ ಪ್ರಾಕ್ಟೀಸ್, ಅದೂ ಒಂದು ಗಂಟೆ.

ವಯಸ್ಸಿನ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಹುಟ್ಟಿದ ದಿನದ ಸರ್ಟಿಫಿಕೇಟ್ ತಿದ್ದಿಸಿ ತಂದವರನ್ನು ಸೇರಿಸಿಕೊಂಡಿಲ್ಲ. ದೊಡ್ಡ ಟೂರ್ನಮೆಂಟ್‌ಗಳಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ಅಲ್ಲಿ ಸಿಕ್ಕಿಬಿದ್ದ ಹುಡುಗನ ಮನಸ್ಸು ಮುರಿಯುತ್ತದೆ, ಅವನದ್ದಲ್ಲದ ತಪ್ಪಿಗೆ. ಇನ್ನೊಂದು, ವಯಸ್ಸಿನ ಗುಂಪಿನ ಕಟ್-ಆಫ್ ದಿನ ಜನವರಿ 1 ಆದ್ದರಿಂದ ಜನವರಿ ಫೆಬ್ರವರಿಯಲ್ಲಿ ಹುಟ್ಟಿದವರು ದಪ್ಪವಾಗಿ ಎತ್ತರವಾಗಿ ಕಾಣುತ್ತಾರೆ, ಸೆಲೆಕ್ಷನ್‌ನಲ್ಲಿ ಅವರೇ ಹೋಗುತ್ತಾರೆ. ನವೆಂಬರ್ ಡಿಸೆಂಬರ್‌ನ ಚಿಕ್ಕ ಹುಡುಗರನ್ನು ನಾನು ಬೇಕಂತಲೇ ಇನ್ನೊಂದು ವರ್ಷ ಬಿಡದೆ ನೋಡುತ್ತೇನೆ. ಹನ್ನೆರಡು ಹದಿಮೂರರಲ್ಲಿ ಹಿಮ್ಮಡಿ ನೋವು, ಮೊಣಕಾಲ ಕೆಳಗೆ ಮೂಳೆ ಉಬ್ಬಿ ನೋವು ಬರುತ್ತದೆ, ಬೆಳೆಯುವ ವಯಸ್ಸಿನದು. ನಾಟಕ ಮಾಡ್ತಿದ್ದಾನೆ ಅಂತ ಓಡಿಸಬೇಡಿ. ಜಿಗಿತ, ಓಟ ಕಡಿಮೆ ಮಾಡಿ, ಡಾಕ್ಟರಿಗೆ ತೋರಿಸಿ. ನಮ್ಮ ಕಾಲದಲ್ಲಿ ಐಸ್ ಕಟ್ಟಿ ಓಡು ಅನ್ನುತ್ತಿದ್ದರು, ನನ್ನ ಬಲ ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಇವತ್ತಿಗೂ ಚಳಿಗೆ ಹಿಡಿಯುತ್ತದೆ.

ಖರ್ಚು ದೊಡ್ಡ ತಲೆನೋವು. ಟರ್ಫ್ ಬಾಡಿಗೆ ಗಂಟೆಗೆ ಸಾವಿರದ ಮೇಲೆ. ಹಾಗಾಗಿ ವಾರದ ದಿನ ಮಣ್ಣಿನ ಮೈದಾನ, ಭಾನುವಾರ ಮಾತ್ರ ಟರ್ಫ್. ಕೊಡಲು ಆಗುವವರು ಫೀಸು ಕೊಡುತ್ತಾರೆ, ಆಗದವರ ಹತ್ತಿರ ಕೇಳುವುದಿಲ್ಲ. ಕಾಲು ಬೆಳೆದು ಬಿಗಿಯಾದ ಸ್ಟಡ್ಸ್ ಅನ್ನು ತೊಳೆದು ಒಂದು ಕಬ್ಬಿಣದ ಬೀರುವಿನಲ್ಲಿ ಸೈಜ್ ಪ್ರಕಾರ ಜೋಡಿಸಿದ್ದೇವೆ. ಬೇಕಾದವರು ತೆಗೆದುಕೊಂಡು ಹಳೆಯದನ್ನು ಅಲ್ಲೇ ಇಟ್ಟು ಹೋಗುತ್ತಾರೆ.

2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ 54 ವರ್ಷಕ್ಕೆ. ಆ ಫೈನಲ್ ಅನ್ನು ಮಕ್ಕಳ ಜೊತೆ ಮೊಬೈಲ್‌ನಲ್ಲಿ ನೋಡಿದೆ. ಕುಣಿದಾಡಿದರು. ಮರುದಿನ ಬಂದ ಹುಡುಗಿಯೊಬ್ಬಳು ಕೇಳಿದಳು, "ಸರ್, ನಮಗೂ ಸಂತೋಷ್ ಟ್ರೋಫಿ ಇದೆಯಾ?" ಹುಡುಗಿಯರಿಗೂ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇದೆ, ಇಂಡಿಯನ್ ವಿಮೆನ್ಸ್ ಲೀಗ್ ಇದೆ, ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ ಅಲ್ಲಿ ಆಡುತ್ತಿದೆ ಅಂತ ಹೇಳಿದೆ. ಅವಳು ಈಗಲೂ ಹುಡುಗರ ಜೊತೆಯೇ ಆಡುತ್ತಾಳೆ, ನನ್ನ ಟೀಮಿನಲ್ಲಿ ಎಡಗಾಲು ಬಲಗಾಲು ಎರಡರಲ್ಲೂ ಸರಿಯಾಗಿ ಕ್ರಾಸ್ ಹಾಕುವವಳು ಅವಳೊಬ್ಬಳೇ. ಇನ್ನು ಸ್ವಲ್ಪ ದಿನಕ್ಕೆ ಅವಳಿಗೆ ಹುಡುಗಿಯರ ಟೀಮು ಬೇಕಾಗುತ್ತದೆ. ನಮ್ಮಲ್ಲಿ ಇನ್ನೂ ಅಷ್ಟು ಹುಡುಗಿಯರಿಲ್ಲ. ಹತ್ತಿರದ ಸರ್ಕಾರಿ ಶಾಲೆಯ ಪಿ.ಟಿ. ಮೇಡಂ ಜೊತೆ ಮಾತಾಡಿದ್ದೇನೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಬೆಳಗ್ಗೆ ಪ್ರೇಯರ್‌ಗೆ ಮುಂಚೆ ಅಲ್ಲೇ ಹೋಗಿ ಆಡಿಸುವುದು ಅಂತ ತೀರ್ಮಾನ ಆಗಿದೆ. ಬಾಲ್ ಹತ್ತು ಇವೆ, ಚಿಕ್ಕ ಗೋಲು ಎರಡು ಮಾಡಿಸಬೇಕು.