ಹೊಸಕೋಟೆ ಸೈಟಿನ ವಲಯ ಪತ್ತೆ ಮಾಡಿದ್ದು ಹೀಗೆ

ಹೊಸಕೋಟೆ ಕಡೆ ಸೈಟು ನೋಡುವಾಗ ಏಜೆಂಟರು "ಫಾರಂ 9, 11 ಇದೆ ಸಾರ್, ಇನ್ನೇನು ಬೇಕು?" ಅಂದರು. ಅವು ಪಂಚಾಯ್ತಿಯ ಆಸ್ತಿ ದಾಖಲೆಗಳು. ಮನೆ ಕಟ್ಟಬಹುದಾ ಅಂತ ತಿಳಿಯೋಕೆ ಅಷ್ಟೇ ಸಾಲದು, ಜಾಗ ಯಾವ ವಲಯದಲ್ಲಿದೆ, ಅಂದರೆ ಯಾವ ಬಳಕೆಗೆ ಗುರುತಾಗಿದೆ ಅಂತಲೂ ನೋಡಬೇಕು.

ಸೈಟಿನಲ್ಲೇ ನಿಂತು, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ಆ್ಯಪ್ ದಿಶಾಂಕ್‌ನಲ್ಲಿ ಸರ್ವೆ ನಂಬರ್ ತೆಗೆದೆ. ಅದನ್ನು ಯೋಜನಾ ಪ್ರಾಧಿಕಾರದ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಹುಡುಕಿದೆ. ಅದರಲ್ಲಿ ಪ್ರತಿ ವಲಯಕ್ಕೂ ಒಂದು ಬಣ್ಣ. ಹಳದಿ ಅಂದರೆ ವಸತಿ, ಹಸಿರು ಕೃಷಿ. ಆ ಸರ್ವೆ ನಂಬರಿನಲ್ಲಿ ರಸ್ತೆ ಕಡೆಯ ಒಂದು ಪಟ್ಟಿ ಮಾತ್ರ ಹಳದಿ, ಹಿಂದೆಲ್ಲ ಹಸಿರು! ನಮಗೆ ತೋರಿಸಿದ ಸೈಟು ಹಿಂದಿನ ಸಾಲಿನಲ್ಲಿತ್ತು.

"ಡಿಸಿ ಕನ್ವರ್ಷನ್ ಆಗುತ್ತೆ ಬಿಡಿ" ಅನ್ನೋ ಮಾತೂ ಏಜೆಂಟರಿಂದ ಬಂತು. ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಜಿಲ್ಲಾಧಿಕಾರಿಯ ಅನುಮತಿ. ಇಲ್ಲಿ ಎರಡು ಕಾನೂನು ಇವೆ. ಕನ್ವರ್ಷನ್ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್‌ಗೆ ಸೇರಿದ್ದು. ವಲಯ ಮಾತ್ರ 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯದು. ಹಸಿರಿನಲ್ಲಿ ಬಡಾವಣೆ ಮಾಡೋಕೆ ಮೊದಲು ಭೂಬಳಕೆ ಬದಲಾವಣೆ ಆಗಬೇಕು. ಅದಕ್ಕೆ ಇದೇ ಯೋಜನಾ ಕಾಯ್ದೆಯಲ್ಲಿ 14ಎ ಸೆಕ್ಷನ್ ಇದೆ. ಆ ಖರ್ಚು, ಕಾಯುವ ಕೆಲಸ ಸೈಟು ಕೊಳ್ಳುವವರ ತಲೆಗೆ ಬರಬಾರದು ಅಲ್ವಾ?

ನಕ್ಷೆಯ ಬಣ್ಣ ನೋಡಿ ಸುಮ್ಮನಾಗದೆ, ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಭೂಬಳಕೆ ಪ್ರಮಾಣಪತ್ರ ತಗೊಂಡೆ. ಕೃಷಿ ವಲಯ ಅಂತಲೇ ಬರೆದಿತ್ತು. ಆ ಸೈಟು ಬಿಟ್ಟೆವು. ಈಗ ಅಡ್ವಾನ್ಸ್ ಕೊಟ್ಟಿರುವುದು ಹಳದಿ ವಲಯದಲ್ಲಿದೆ, ಬಡಾವಣೆ ನಕ್ಷೆಗೂ ಪ್ರಾಧಿಕಾರದ ಅನುಮೋದನೆ ಇದೆ.